ಬಲೆಗೆ ಸಿಕ್ಕ ಹಳದಿ ಕೊಳವೆ ಬಾಂಬ್ ಅಲ್ಲ

ಮಾನ್ಯ ಸಂಪಾದಕರೇ,

ನಾನು ಮಲ್ಪೆಯಲ್ಲಿ ಮೂರು ಬೋಟುಗಳ ಲೆಕ್ಕ ಬರೆಯುವವನು. ಡೀಸೆಲ್ ಎಷ್ಟು, ಐಸ್ ಎಷ್ಟು, ಕಲಾಸಿಗಳ ಪಾಲು ಎಷ್ಟು, ಇಷ್ಟೇ ನನ್ನ ವಿದ್ಯೆ. ವಿಜ್ಞಾನದ ಬಗ್ಗೆ ಪತ್ರ ಬರೆಯುವವನಲ್ಲ. ಆದರೂ ಬರೆಯುತ್ತಿದ್ದೇನೆ. ಕಾರಣ, ಎರಡು ವರ್ಷದ ಹಿಂದೆ ನಮ್ಮ ಬೋಟಿನ ಬಲೆಗೆ ಸಿಕ್ಕ ಒಂದು ಕೊಳವೆ.

ನಾಲ್ಕೈದು ಅಡಿ ಉದ್ದ, ಹಳದಿ ಬಣ್ಣ, ತಲೆಯ ಮೇಲೊಂದು ಕಡ್ಡಿ. ಒಬ್ಬ ಹುಡುಗ ಬಾಂಬ್ ಅಂದ. ಇನ್ನೊಬ್ಬ ಬೇರೆ ದೇಶದ ಗೂಢಚಾರಿ ಯಂತ್ರ ಅಂದ. ಅದರ ಮೈಮೇಲೆ ಒಂದು ಚೀಟಿ ಇತ್ತು, ಪೂರ್ತಿ ಇಂಗ್ಲಿಷ್. ಬೋಟು ನಡೆಸುವ ತಾಂಡೇಲರು ಪ್ರಾಮಾಣಿಕರು. ಅದನ್ನು ಜೋಪಾನವಾಗಿ ದಕ್ಕೆಗೆ ತಂದು ವಿಷಯ ತಿಳಿಸಿದರು. ಅದೇ ತಪ್ಪಾಯಿತು ನೋಡಿ. ವಿಚಾರಣೆ ಸಂಜೆಯವರೆಗೆ ನಡೆಯಿತು. ಎಲ್ಲಿ ಸಿಕ್ಕಿತು, ಯಾಕೆ ಮುಟ್ಟಿದಿರಿ, ಯಾಕೆ ತಂದಿರಿ. ಅಷ್ಟರಲ್ಲಿ ಏಲಂ ಮುಗಿದಿತ್ತು, ಬಂಗುಡೆ ಮೆತ್ತಗಾಗಿತ್ತು. ಅದು ಏನು ಅಂತ ಮಾತ್ರ ಯಾರೂ ಹೇಳಲಿಲ್ಲ. "ಇನ್ನು ಅಂಥದ್ದು ಸಿಕ್ಕಿದರೆ ಅಲ್ಲೇ ಬಿಟ್ಟು ಬರುವುದು ಮಾರಾಯ್ರೆ" ಅಂತ ತಾಂಡೇಲರು ನನ್ನ ಹತ್ತಿರ ಹೇಳಿದರು.

ಆಮೇಲೆ ಅವರ ಅಕ್ಕನ ಮಗ, ಕಾಲೇಜು ಹುಡುಗ, ಫೋನಿನಲ್ಲಿ ಹುಡುಕಿ ಹೇಳಿದ. ಅದು ಆರ್ಗೋ ಫ್ಲೋಟ್, ಅಂದರೆ ಕಡಲಿನ ನೀರನ್ನು ಅಳೆಯುವ ತೇಲುಯಂತ್ರ. ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ದಿನಾ ಅದರ ಬಗ್ಗೆಯೇ ಓದುತ್ತೇನೆ.

ಈ ಕೊಳವೆಗೆ ಎಂಜಿನ್ ಇಲ್ಲ, ಚುಕ್ಕಾಣಿ ಇಲ್ಲ. ಒಳಗೆ ಸ್ವಲ್ಪ ಎಣ್ಣೆ, ಒಂದು ಪಂಪು, ಒಂದು ರಬ್ಬರ್ ಚೀಲ. ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿದರೆ ಹೊಟ್ಟೆ ಉಬ್ಬಿ ಮೇಲೇಳುತ್ತದೆ, ಒಳಗೆ ಎಳೆದುಕೊಂಡರೆ ಮುಳುಗುತ್ತದೆ. ಸಾವಿರ ಮೀಟರ್ ಆಳಕ್ಕೆ ಇಳಿದು ಒಂಬತ್ತು ದಿನ ಸುಮ್ನೆ ನೀರಿನ ಜೊತೆ ಸಾಗುತ್ತದೆ. ಆಮೇಲೆ 2000 ಮೀಟರ್‌ಗೆ ಇಳಿದು ಮೇಲಕ್ಕೆ ಬರುತ್ತದೆ. ಬರುವ ದಾರಿಯುದ್ದಕ್ಕೂ ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು ಅಂತ ಬರೆದುಕೊಳ್ಳುತ್ತದೆ. ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಹತ್ತು ದಿನಕ್ಕೊಮ್ಮೆ ಹೀಗೆ, ಬ್ಯಾಟರಿ ಮುಗಿಯುವ ತನಕ, ನಾಲ್ಕೈದು ವರ್ಷ. ನನಗಿಂತ ಶಿಸ್ತಿನ ಗುಮಾಸ್ತ!

ಮೊದಲ ಫ್ಲೋಟುಗಳು ನೀರಿಗಿಳಿದದ್ದು 1999ರಲ್ಲಿ. 2007ರ ಹೊತ್ತಿಗೆ ಅವು 3000 ಆದವು, ಈಗ 4000ದ ಹತ್ತಿರ ಇವೆ. ಸುಮಾರು 30 ದೇಶಗಳು ಸೇರಿ ಹಾಕಿದ್ದು. ಅದರಲ್ಲಿ ಅರ್ಧದಷ್ಟು ಅಮೆರಿಕದವು. ಭಾರತದ ಪಾಲೂ ಇದೆ, ಹಿಂದೂ ಮಹಾಸಾಗರದ ಫ್ಲೋಟುಗಳ ಲೆಕ್ಕ ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯಿಸ್, ಅಂದರೆ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ. ನನಗೆ ತುಂಬ ಇಷ್ಟವಾದದ್ದು ಬೇರೆ. ಬಂದ ಲೆಕ್ಕವನ್ನು ಯಾವ ದೇಶವೂ ಬಚ್ಚಿಡುವ ಹಾಗಿಲ್ಲ. ಒಂದು ದಿನದ ಒಳಗೆ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಗಡಿಯಲ್ಲಿ ಮುಖ ತಿರುಗಿಸಿ ನಿಲ್ಲುವ ದೇಶಗಳೂ ಕಡಲಿನ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತವೆ ಅಂದರೆ ಸಣ್ಣ ವಿಷಯ ಅಲ್ಲ ಅಲ್ವಾ?

"ಉಪಗ್ರಹ ಇದೆಯಲ್ಲ, ಇದೆಲ್ಲ ಯಾಕೆ" ಅಂತ ಕೇಳುವವರಿದ್ದಾರೆ. ಉಪಗ್ರಹಕ್ಕೆ ಕಾಣುವುದು ಕಡಲಿನ ಮೇಲ್ಮೈ ಮಾತ್ರ. ಕಡಲು ಅನ್ನದ ಪಾತ್ರೆ ಅಲ್ಲ, ಮೇಲಿನ ಒಂದು ಅಗುಳು ಹಿಸುಕಿ ನೋಡಿದರೆ ಸಾಲದು. ತೂಫಾನಿಗೆ ಬಲ ಬರುವುದು ಬಿಸಿನೀರಿನಿಂದ. ಆ ಬಿಸಿ ಮೇಲೆ ತೆಳ್ಳಗೆ ಇದ್ದರೆ ಗಾಳಿ ಕಡೆದಾಗ ಕೆಳಗಿನ ತಣ್ಣೀರು ಮೇಲೆ ಬಂದು ತೂಫಾನು ಸೊರಗುತ್ತದೆ. ಬಿಸಿ ಆಳದವರೆಗೆ ಇದ್ದರೆ ಸೊಕ್ಕುತ್ತದೆ. ಎಷ್ಟು ಆಳದವರೆಗೆ ಅಂತ ಹೇಳಲು ನೀರಿನೊಳಗೆ ಇಳಿದು ನೋಡುವವರು ಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಎಚ್ಚರಿಕೆ ಮೊದಲೇ ಬಂದಿದ್ದರಿಂದ ನಮ್ಮ ಮೂರು ಬೋಟುಗಳೂ ಬಂದರಿನೊಳಗೆ ಇದ್ದವು. 2017ರ ಓಖಿಯಲ್ಲಿ ಕೇರಳ, ತಮಿಳುನಾಡಿನ ಎಷ್ಟೋ ಬೋಟುಗಳಿಗೆ ಆ ಭಾಗ್ಯ ಇರಲಿಲ್ಲ.

ಹಾಗಂತ ನಾಲ್ಕು ಸಾವಿರ ಜಾಸ್ತಿ ಅಂದುಕೊಳ್ಳಬೇಡಿ. ಹೆಚ್ಚುಕಡಿಮೆ 300 ಕಿ.ಮೀ.ಗೆ ಒಂದು ಬರುತ್ತದೆ. ಮಂಗಳೂರಿನಲ್ಲಿ ಒಂದು ಥರ್ಮಾಮೀಟರ್, ಬೆಂಗಳೂರಿನಲ್ಲಿ ಇನ್ನೊಂದು ಇಟ್ಟು, ನಡುವಿನ ಘಟ್ಟದ ಹವೆ ಊಹಿಸಿದ ಹಾಗೆ. ಅದೂ ಆಳ ಇರುವ ಕಡೆ ಮಾತ್ರ. ನಾವು ಬಲೆ ಹಾಕುವ ದಡದ ಹತ್ತಿರದ ನೀರಿನಲ್ಲಿ ಫ್ಲೋಟುಗಳು ಇರುವುದಿಲ್ಲ. ನಮ್ಮ ಬಲೆಗೆ ಸಿಕ್ಕದ್ದು ದಾರಿ ತಪ್ಪಿ ಬಂದದ್ದು.

ಇನ್ನೊಂದು ಜಾತಿಯ ಯಂತ್ರ ಇದೆ. ಲಂಗರು ಹಾಕಿ ಒಂದೇ ಕಡೆ ನಿಲ್ಲಿಸಿದ ದೊಡ್ಡ ಬೋಯ್‌ಗಳು, ಅಂದರೆ ತೇಲುವ ಬುರುಡೆಗಳು. ನಮ್ಮ ದೇಶದವನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೋಡಿಕೊಳ್ಳುತ್ತದೆ. ಇದಲ್ಲದೆ 2004ರಿಂದ ಹಲವು ದೇಶಗಳು ಸೇರಿ 'ರಾಮಾ' ಅನ್ನುವ ಹೆಸರಲ್ಲಿ ಹಿಂದೂ ಮಹಾಸಾಗರದ ಉದ್ದಗಲಕ್ಕೆ ಬೋಯ್‌ಗಳ ಸಾಲು ನಿಲ್ಲಿಸುತ್ತಾ ಬಂದಿವೆ. ನಮ್ಮ ಮಳೆಗಾಲ ಹುಟ್ಟುವ ಜಾಗ ಅದು. 46 ಕಡೆ ಹಾಕುವ ಯೋಜನೆ ಇತ್ತು. ಪಶ್ಚಿಮದ ಕಡೆ ಸೊಮಾಲಿಯಾದ ಕಡಲ್ಗಳ್ಳರ ಕಾಟದಿಂದ ವರ್ಷಗಟ್ಟಲೆ ಖಾಲಿ ಉಳಿಯಿತು.

ಕಳ್ಳರ ಮಾತು ಬಂತು, ನಮ್ಮ ಮಾತನ್ನೂ ಹೇಳಿಬಿಡುತ್ತೇನೆ. ಬೋಯ್ ನಿಂತ ಕಡೆ ನೆರಳಿಗೆ ಮೀನು ಸೇರುತ್ತದೆ. ಅದು ಎಲ್ಲ ಬೋಟಿನವರಿಗೂ ಗೊತ್ತು. ಸುತ್ತ ಬಲೆ ಹಾಕುತ್ತಾರೆ, ರಾತ್ರಿ ಅದಕ್ಕೇ ಹಗ್ಗ ಕಟ್ಟಿ ಮಲಗುತ್ತಾರೆ. ಬಲೆ ಸಿಕ್ಕಿಕೊಂಡರೆ ಲಂಗರಿನ ಹಗ್ಗಕ್ಕೆ ಕತ್ತಿ. ಸೋಲಾರ್ ಹಲಗೆ ಬಿಚ್ಚಿಕೊಂಡು ಹೋದವರೂ ಇದ್ದಾರೆ. ಇದು ಒಂದು ಊರಿನ ಕತೆ ಅಲ್ಲ, ಎಲ್ಲ ಸಾಗರಗಳಲ್ಲೂ ಇದೇ ಗೋಳು. ಸುನಾಮಿ ಎಚ್ಚರಿಕೆಯ ಬೋಯ್‌ಗಳಿಗೂ ಇದು ತಪ್ಪಿದ್ದಲ್ಲ. ಕಡಲ ತಳದಲ್ಲಿ ನೀರಿನ ಭಾರ ಅಳೆಯುವ ಪೆಟ್ಟಿಗೆ ಸರಿಯಾಗಿಯೇ ಇರುತ್ತದೆ, ಸುದ್ದಿ ಮೇಲಕ್ಕೆ ಕಳಿಸುವ ಬೋಯ್ ಮೂಕವಾಗಿರುತ್ತದೆ. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದಲ್ಲಿ ಇಂಥ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಕತ್ತಿ ಹಾಕಿದವನನ್ನು ಬೈಯುವುದು ಸುಲಭ. ಆದರೆ ಅವನಿಗೆ ಅದು ಏನು ಅಂತ ಹೇಳಿದವರು ಯಾರು? ಅವನ ಫೋನಿಗೆ ಬರುವ ಅಲೆಯ ಎಚ್ಚರಿಕೆಗೂ ಆ ಹಳದಿ ಬುರುಡೆಗೂ ಸಂಬಂಧ ಇದೆ ಅಂತ ಅವನಿಗೆ ಗೊತ್ತಿಲ್ಲ. ಹೇಳಿದಲ್ಲಿ ಕೇಳುತ್ತಾರೆ. ನಮ್ಮ ಬೋಟಿನ ಹುಡುಗರಿಗೆ ತಾಂಡೇಲರ ಅಕ್ಕನ ಮಗ ಚಿತ್ರ ತೋರಿಸಿ ವಿವರಿಸಿದ ಮೇಲೆ ಅವರು ಕೇಳಿದ ಪ್ರಶ್ನೆಗಳಿಗೆ ಅವನೇ ಸುಸ್ತಾದ.

ಅಸಲಿಗೆ ಈ ಕೆಲಸ ಶುರು ಮಾಡಿದ್ದೇ ಕಡಲಿಗೆ ಹೋಗುವವರು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹಲವು ದೇಶದವರು ಸೇರಿ, ಎಲ್ಲ ಹಡಗುಗಳೂ ಗಾಳಿ, ನೀರಿನ ವಿವರವನ್ನು ಒಂದೇ ಕ್ರಮದಲ್ಲಿ ಬರೆದಿಡಬೇಕು ಅಂತ ಒಪ್ಪಿಕೊಂಡರು. ವಿಜ್ಞಾನಿಗಳ ಹಡಗುಗಳ ಕಾಲ ಬಂದದ್ದು ಆಮೇಲೆ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ 2001ರಿಂದ ಲಾಬ್‌ಸ್ಟರ್ ಹಿಡಿಯುವವರು ತಮ್ಮ ಬೋನುಗಳಿಗೆ ಪುಟ್ಟ ಉಷ್ಣಮಾಪಕ ಕಟ್ಟಿ ಇಳಿಸುತ್ತಿದ್ದಾರೆ. ನ್ಯೂಜಿಲೆಂಡಿನಲ್ಲಿ ಮೀನುಗಾರರ ಬಲೆಗಳಿಗೇ ಸೆನ್ಸರ್ ಕಟ್ಟಿದ್ದಾರೆ. ಬಲೆ ಮೇಲೆ ಬಂದ ಕೂಡಲೇ ಲೆಕ್ಕ ತಾನಾಗಿ ಹೋಗುತ್ತದೆ. ಹೇಗೂ ಬಲೆ ಇಳಿಯುತ್ತದೆ, ಹೇಗೂ ಏಳುತ್ತದೆ. ಬೇರೆ ಖರ್ಚು ಏನಿದೆ?

ನಮ್ಮಲ್ಲಿ ಸುದ್ದಿ ಬರುವುದು ಹೆಚ್ಚಾಗಿ ಒಂದೇ ಕಡೆಯಿಂದ. ಮೀನು ಎಲ್ಲಿ ಸಿಗಬಹುದು ಅಂತ ಇನ್‌ಕಾಯಿಸ್ ಕನ್ನಡದಲ್ಲೇ ತಿಳಿಸುತ್ತದೆ, ಅದಕ್ಕೆ ಋಣಿ. (ಎಲ್ಲ ಬೋಟುಗಳೂ ಅಲ್ಲಿಗೇ ನುಗ್ಗುತ್ತವೆ, ಅದು ಬೇರೆ ಮಾತು.) ಆದರೆ ಅಲ್ಲಿಗೆ ಹೋದಾಗ ನೀರು ಹೇಗಿತ್ತು, ಮೀನು ಸಿಕ್ಕಿತಾ ಅಂತ ನಮ್ಮ ತಾಂಡೇಲರನ್ನು ಕೇಳಿದವರಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹದ ಮೂಲಕ ಸಂದೇಶ ಸಾಗಿಸುವ ಯಂತ್ರ ಕೊಡುವ ಯೋಜನೆ ಶುರು ಮಾಡಿತು. ಅದರಲ್ಲಿ ನಾವೂ ಸಂದೇಶ ಕಳಿಸಬಹುದು. ನೀರಿನ ಬಿಸಿಯ ಲೆಕ್ಕವೂ ಅದೇ ದಾರಿಯಲ್ಲಿ ಹೋಗುವಂತೆ ಮಾಡಲು ಬಲ್ಲವರು ಪ್ರಯತ್ನಿಸಬಾರದೇ?

ನಾನು ಕೇಳುವುದು ದೊಡ್ಡದೇನಲ್ಲ. ಫ್ಲೋಟು, ಬೋಯ್‌ಗಳ ಮೇಲಿನ ಚೀಟಿ ಕನ್ನಡ, ಮಲಯಾಳ, ಕೊಂಕಣಿ, ತಮಿಳಿನಲ್ಲೂ ಇರಲಿ. ಸಿಕ್ಕಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಬಂದರಿನ ಗೋಡೆಯ ಮೇಲೆ ಬರೆಯಲಿ. ತಂದುಕೊಟ್ಟವನನ್ನು ಆರೋಪಿಯ ಹಾಗೆ ಕೂರಿಸದೆ ಒಂದು ಲೋಟ ಚಾ ಕೊಟ್ಟು ಕಳಿಸಲಿ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಕಟ್ಟಿರುತ್ತವೆ, ಜನ ದಕ್ಕೆಯಲ್ಲಿ ಬಲೆ ಹೊಲಿಯುತ್ತಾ ಕೂತಿರುತ್ತಾರೆ. ಹೋಟೆಲಿನ ಹಾಲ್‌ನಲ್ಲಿ ಕಾರ್ಯಾಗಾರ ಬೇಡ. ಅಲ್ಲಿಗೇ ಬಂದು ಒಂದು ಫ್ಲೋಟನ್ನು ಮುಟ್ಟಿ ನೋಡಲು ಕೊಡಿ.

ಸೆನ್ಸರ್ ಕಟ್ಟುವವರಿದ್ದರೆ ನಮ್ಮ ಒಂದು ಬೋಟಿನ ತಾಂಡೇಲರು ಸಿದ್ಧ ಇದ್ದಾರೆ. ಅವರ ಷರತ್ತು ಎರಡು. ಬಲೆ ಹರಿಯಬಾರದು. ಎಲ್ಲಿ ಬಲೆ ಹಾಕಿದ್ದು ಅಂತ ಪಕ್ಕದ ಬೋಟಿನವರಿಗೆ ಗೊತ್ತಾಗಬಾರದು.

ಇತಿ,
ನಿಮ್ಮ ಓದುಗ
ಮಲ್ಪೆ