ಕುಡಿತದ ಸೆಳೆತಕ್ಕೆ ಗಾಂಜಾ ಎಣ್ಣೆ: ಆತುರ ಬೇಡ

ಮಾನ್ಯರೇ,

ಗಾಂಜಾ ಗಿಡದಿಂದ ತೆಗೆಯುವ ಕ್ಯಾನಬಿಡಿಯಾಲ್ ಎಂಬ ಅಂಶವಿರುವ ಎಣ್ಣೆ ಕುಡಿತ ಬಿಡಿಸುತ್ತದೆ ಎಂಬ ಸಂದೇಶ ಕಳೆದ ವಾರ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ನನ್ನ ಪಕ್ಕದ ಲೇತಿನ ಹುಡುಗ ಆಗಲೇ ಮೊಬೈಲಿನಲ್ಲಿ ಒಂದು ಶೀಶೆ ತರಿಸಲು ಹೊರಟಿದ್ದ.

ನಾನು ಕುಡಿತ ಬಿಟ್ಟು ಆರು ವರ್ಷವಾಯಿತು. ಆಗೆಲ್ಲ ಸಂಜೆ ಐದೂವರೆಗೆ ಮಷಿನ್ ನಿಲ್ಲಿಸಿ ನಲ್ಲಿಯಲ್ಲಿ ಕೈ ತೊಳೆಯುವಾಗಲೇ ಬಾಯಲ್ಲಿ ನೀರೂರುತ್ತಿತ್ತು. ವೈನ್ ಶಾಪಿನ ಕಟ್ಟೆಯ ಮೇಲೆ ಯಾರೋ ನೈಂಟಿ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಹರಿಯುವುದು ಕಂಡರೆ ಸಾಕು, ಕಾಲು ಅತ್ತಲೇ ತಿರುಗುತ್ತಿತ್ತು. ಸೂಪರ್‌ವೈಸರ್ ಬೈದ ದಿನವಂತೂ ಕೇಳುವುದೇ ಬೇಡ. ಮನೆಯವರು ಇದನ್ನು ಹಟ ಅಂದರು, ದೇವರ ಮುಂದೆ ಆಣೆ ಮಾಡಿಸಿದರು. ಮೂರು ಸಲ ಆಣೆ ಮುರಿದೆ.

ನರ್ಸಿಂಗ್ ಕಲಿಯುತ್ತಿರುವ ಮಗಳು ಆ ಸಂದೇಶದ ಹಿಂದಿದ್ದ ಮೂಲ ಅಧ್ಯಯನ ಹುಡುಕಿ ಓದಿ ಹೇಳಿದಳು. ಜರ್ಮನಿಯ ಮಾನ್‌ಹೈಮ್‌ನಲ್ಲಿ ನಡೆದದ್ದು, 2024ರಲ್ಲಿ ಪ್ರಕಟವಾದದ್ದು. ಕುಡಿತದ ಕಾಯಿಲೆಯ 28 ಜನರಲ್ಲಿ ಕೆಲವರಿಗೆ 800 ಮಿಲಿಗ್ರಾಂ ಕ್ಯಾನಬಿಡಿಯಾಲ್, ಉಳಿದವರಿಗೆ ಹುಸಿ ಔಷಧ ಕೊಟ್ಟು, ಮನಸ್ಸಿಗೆ ಒತ್ತಡ ತಂದು, ಕುಡಿಯುವ ಆಸೆ ಕೆರಳಿಸಿ ನೋಡಿದರಂತೆ. ಮದ್ಯದ ಚಿತ್ರ ತೋರಿಸುತ್ತ ಮಿದುಳಿನ ಸ್ಕ್ಯಾನ್ ಮಾಡಿದರಂತೆ. ಔಷಧ ತೆಗೆದುಕೊಂಡವರಲ್ಲಿ ಆಸೆಯೂ ಕಡಿಮೆ, ಆಸೆ, ಸುಖಕ್ಕೆ ಸಂಬಂಧಿಸಿದ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಮಿದುಳಿನ ಭಾಗದ ಚಟುವಟಿಕೆಯೂ ಕಡಿಮೆ. ಕೇಳುತ್ತಾ ನನ್ನ ಕಣ್ಣು ತುಂಬಿ ಬಂತು. ಹಟ ಅಂದವರಿಗೆ ಆ ಸ್ಕ್ಯಾನ್ ತೋರಿಸಬೇಕು ಅನಿಸಿತು.

ಆದರೆ ಅವರು ಕೊಟ್ಟದ್ದು ಒಂದೇ ಒಂದು ಡೋಸ್. ಅಷ್ಟರಿಂದ ಕುಡಿತ ಬಿಡುತ್ತದೆ ಎನ್ನಲಾಗದು. ಅಪಸ್ಮಾರಕ್ಕೆಂದು ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಕ್ಯಾನಬಿಡಿಯಾಲ್ ಔಷಧವೇ ಕೆಲವರ ಲಿವರ್‌ಗೆ ತೊಂದರೆ ಕೊಡುತ್ತದೆ. ಕುಡಿದು ಕುಡಿದು ಲಿವರ್ ಸೋತವನು ಅದನ್ನು ತನ್ನಷ್ಟಕ್ಕೆ ನುಂಗಬಾರದು. ದಿನಾ ಮದ್ಯ ಕುಡಿಯುವವನು ಈ ಗಾಂಜಾ ಎಣ್ಣೆಯನ್ನು ನಂಬಿ ದಿಢೀರನೆ ಕುಡಿತ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು.

ನನ್ನ ಕೈಹಿಡಿದದ್ದು ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ. ವೈದ್ಯರು ಲಿವರ್ ಪರೀಕ್ಷೆ ಮಾಡಿಸಿ ಬರೆದುಕೊಟ್ಟದ್ದನ್ನು ಎಂಟು ತಿಂಗಳು ತೆಗೆದುಕೊಂಡೆ, ಜೊತೆಗೆ ಆಪ್ತಸಮಾಲೋಚನೆ. ಅಕಾಂಪ್ರೊಸೇಟ್ ಎಂಬ ಇನ್ನೊಂದು ಔಷಧವೂ ನಮ್ಮಲ್ಲಿ ಸಿಗುತ್ತದೆ. ನಮ್ಮ ಶೆಡ್ಡಿನಲ್ಲಿ ಇವುಗಳ ಹೆಸರನ್ನೇ ಯಾರೂ ಕೇಳಿಲ್ಲ; ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿ ಮಾತ್ರ ಎಲ್ಲರಿಗೂ ಗೊತ್ತು. ಹೊಸ ಔಷಧದ ಸುದ್ದಿ ಬರೆಯುವಾಗ ಈಗಿರುವ ಈ ಔಷಧಗಳ ಹೆಸರನ್ನೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನೂ ದಯವಿಟ್ಟು ಜೊತೆಗೆ ಅಚ್ಚುಹಾಕಿ.

ಆ ಹುಡುಗನನ್ನು ಸೋಮವಾರ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

— ಒಬ್ಬ ಲೇತ್ ಕೆಲಸಗಾರ, ಹುಬ್ಬಳ್ಳಿ