ರಿಬ್ಬನ್ ಕತ್ತರಿಸಿದವರು ಷೇರ್ ರಿಕ್ಷಾ ಹತ್ತಲಿ

ಸಂಪಾದಕರಿಗೆ,

ಮುಂಬೈ ಹತ್ತಿರದ ಗೋಡೌನ್‌ಗಳ ಊರು ಭಿವಂಡಿಯಲ್ಲಿ, ಅಗ್ಗದ ದರದ ಅಂಗಡಿಗಳ ಕಂಪನಿಯವರ ಹೊಸ ವಿತರಣಾ ಕೇಂದ್ರ ಶುರುವಾದ ಸುದ್ದಿ, ಅದರಿಂದ ಉದ್ಯೋಗ ಸಿಗುತ್ತದೆ ಎಂಬ ಮಾತು, ಫೋಟೋ ಎಲ್ಲ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಸಂತೋಷ. ಉದ್ಘಾಟನೆಗೆ ಬಂದ ಸಾಹೇಬರು ನಗುತ್ತಾ ರಿಬ್ಬನ್ ಕತ್ತರಿಸುವ ಹೊತ್ತಿಗೆ ನಾನು ಅದೇ ದಾರಿಯ ರಂಜನೋಲಿ ನಾಕಾ ಎಂಬ ವೃತ್ತದಲ್ಲಿ ಷೇರ್ ರಿಕ್ಷಾದೊಳಗೆ ಬೆವರುತ್ತಿದ್ದೆ.

ಬೆಳಿಗ್ಗೆ ಎಂಟಕ್ಕೆ ಕಲ್ಯಾಣದಿಂದ ಹೊರಟವನು. ದುರ್ಗಾಡಿ ಸೇತುವೆ ದಾಟಿ ಕೋನ್‌ಗಾಂವ್ ಮುಟ್ಟುವಾಗಲೇ ಒಂಬತ್ತು. ಮುಂದೆ ಕಂಟೇನರ್, ಹಿಂದೆ ಕಂಟೇನರ್. ಸಾಹೇಬರ ಕಾರುಗಳು ಬರುತ್ತವೆ ಅಂತ ಪೊಲೀಸರು ನಮ್ಮನ್ನು ತಡೆದರು. ಕಾರುಗಳು ಹೋದವು, ನಾವು ಅಲ್ಲೇ. ಕೆಲಸಕ್ಕೆ ತಲುಪಿದಾಗ ಹನ್ನೊಂದೂಕಾಲು. ಅರ್ಧ ದಿನದ ಸಂಬಳ ಹೋಯಿತು, ಡಬ್ಬಿಯ ಮೊಸರನ್ನವೂ ಹುಳಿಯಾಯಿತು.

ಇನ್ನು ಉದ್ಯೋಗದ ವಿಚಾರ. ಅಕ್ಕನ ಮಗ ಬಿ.ಕಾಂ. ಮಾಡಿದ್ದಾನೆ. ಆ ಕೇಂದ್ರಕ್ಕೆ ಕೆಲಸ ಕೇಳಿಕೊಂಡು ಹೋದ. ಗೇಟಿನ ವಾಚ್‌ಮನ್ ಬಯೋಡೇಟಾ ತೆಗೆದುಕೊಂಡು ಕುರ್ಚಿ ಕೆಳಗಿದ್ದ ಬಿಸ್ಕತ್ ಪೆಟ್ಟಿಗೆಗೆ ಹಾಕಿದ. ಅದರಲ್ಲಿ ಆಗಲೇ ಬಾಯಿವರೆಗೆ ಬಯೋಡೇಟಾ, ಮೇಲೆ ಅವನ ಚಹಾ ಲೋಟ! ಠೇಕೆದಾರನನ್ನು (ಗುತ್ತಿಗೆದಾರನನ್ನು) ನೋಡು ಅಂದ. ಠೇಕೆದಾರ ಡೊಮಿಸೈಲ್, ಅಂದರೆ ಇಲ್ಲಿನ ನಿವಾಸಿ ಅನ್ನುವ ಸರ್ಕಾರಿ ಪ್ರಮಾಣಪತ್ರ ಕೇಳಿದ. ಹುಡುಗ ಹುಟ್ಟಿದ್ದು, ಓದಿದ್ದು ಎಲ್ಲ ಕಲ್ಯಾಣದಲ್ಲೇ. ಆದರೂ ಆ ಕಾಗದಕ್ಕೆ 15 ವರ್ಷ ಇಲ್ಲೇ ಇದ್ದ ಪುರಾವೆ ಕೊಡಬೇಕು. ಕೊಟ್ಟರೆ ಸರ್ಕಾರಿ ಕಚೇರಿಯ ಗುಮಾಸ್ತ ಹೆಸರು ನೋಡಿ 'ನಿಮ್ಮ ಗಾಂವ್ (ಊರು) ಯಾವುದು' ಅಂತಾನೆ. ಇಂಥ ಗುಮಾಸ್ತರೇ ಅಲ್ವಾ, ರೇಷನ್ ಕಾರ್ಡಿನಲ್ಲಿ ನನ್ನ ಹೆಂಡತಿಯನ್ನು ನನ್ನ ತಾಯಿ ಮಾಡಿದ್ದು? ಸರಿ ಮಾಡಿಸಲು ಎಂಟು ಸಲ ಅಲೆದಿದ್ದೇನೆ.

ಮುಂಬೈಯೊಳಗೆ ಸರಕು ತಂದರೆ ಕಟ್ಟಬೇಕಿದ್ದ ಜಕಾತ್ ತೆರಿಗೆ ಉಳಿಸಲು ಭಿವಂಡಿಗೆ ಗೋಡೌನ್ ಬಂದವು ಅನ್ನುತ್ತಿದ್ದರು. 2017ರಲ್ಲಿ ಜಿಎಸ್‌ಟಿ ಬಂತು, ಜಕಾತ್ ಹೋಯಿತು. ಗೋಡೌನ್ ಹೋದವಾ? ಇನ್ನೂ ಜಾಸ್ತಿಯಾದವು. ಠಾಣೆ-ಭಿವಂಡಿ-ಕಲ್ಯಾಣ ಮೆಟ್ರೋಗೆ 2018ರ ಡಿಸೆಂಬರಿನಲ್ಲಿ ಕಲ್ಯಾಣದಲ್ಲೇ ಅಡಿಗಲ್ಲು ಹಾಕಿದರು. ಆಗ ನನ್ನ ಮಗಳು ಐದನೇ ಕ್ಲಾಸು. ಈಗ ಕಾಲೇಜಿಗೆ ಹೋಗುತ್ತಾಳೆ, ಅವಳೂ ಷೇರ್ ರಿಕ್ಷಾದಲ್ಲೇ.

ಸಂಬಂಧಪಟ್ಟವರು ಬೆಳಗಿನ ಹೊತ್ತು ಲಾರಿಗಳನ್ನು ತಡೆಯಲಿ. ಇಲ್ಲವೇ ರಸ್ತೆ ಅಗಲ ಮಾಡಲಿ. ಎರಡೂ ಆಗದಿದ್ದರೆ ಸುಮ್ನೆ 'ಉದ್ಯೋಗ ಉದ್ಯೋಗ' ಅಂತ ಬೊಬ್ಬೆ ಹೊಡೆಯಬೇಡಿ. ಮುಂದಿನ ಉದ್ಘಾಟನೆಗೆ ಸಾಹೇಬರು ನಮ್ಮ ರಿಕ್ಷಾದಲ್ಲೇ ಬರಲಿ. ಡ್ರೈವರ್ ಪಕ್ಕದ ಅರ್ಧ ಸೀಟು ಖಾಲಿ ಇಡಿಸುತ್ತೇವೆ.

– ನಿತ್ಯ ಪ್ರಯಾಣಿಕ, ಕಲ್ಯಾಣ ಪಶ್ಚಿಮ