ಕೊನೆಗೂ ರೂಮು ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್

ಮಂಗಳೂರಿನ ಜಪ್ಪುವಿನ ನಮ್ಮ ಮನೆಕೂಟದವರು ಕಾಯಿಲೆಯವರಿಗೆ ಬಳಸಲು ಕೊಡುವ ವೀಲ್‌ಚೇರ್, ವಾಕರ್, ಕಮೋಡ್ ಚೇರ್, ಏರ್‌ಬೆಡ್‌ಗಳಿಗೆ ಈ ತಿಂಗಳು ಒಂದು ರೂಮು ಸಿಕ್ಕಿದೆ. ಇಷ್ಟು ವರ್ಷ ಅವೆಲ್ಲ ಕೂಟದ ಒಬ್ಬ ಆಂಟಿಯ ಮನೆ ಜಗಲಿಯಲ್ಲಿದ್ದವು. ಅವರ ಮನೆಗೆ ಬಂದ ನೆಂಟರು ವೀಲ್‌ಚೇರುಗಳ ನಡುವೆ ನುಸುಳಿಕೊಂಡೇ ಒಳಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಬೂಸ್ಟು ಹಿಡಿದ ಸೀಟುಗಳನ್ನು ಒರೆಸಿ ಒಣಗಿಸುತ್ತಿದ್ದವರೂ ಅವರೇ. ಮೊದಲ ಥ್ಯಾಂಕ್ಸ್ ಅವರಿಗೆ.

ನಮ್ಮದು ದೊಡ್ಡ ಸಂಘ ಏನಲ್ಲ. ಶುಕ್ರವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಹಾಡಿ, ಬೈಬಲ್ ಓದಿ, ಚಾ ಕುಡಿದು ಏಳುವವರು. 2021ರಲ್ಲಿ ಕೋವಿಡ್ ಎರಡನೇ ಅಲೆ ಇಳಿದ ಮೇಲೆ ಯಾಕೋಬನ ಪತ್ರಿಕೆ ಓದುತ್ತಿದ್ದೆವು. ಬಟ್ಟೆಯಿಲ್ಲದೆ, ಹೊಟ್ಟೆಗಿಲ್ಲದೆ ಬಂದವರಿಗೆ ಬೆಚ್ಚಗಿರಿ, ಹೊಟ್ಟೆ ತುಂಬಾ ಉಣ್ಣಿ ಅಂತ ಬಾಯಲ್ಲಿ ಹೇಳಿ ಬರಿಗೈಲಿ ಕಳಿಸಿದರೆ ಏನು ಬಂತು ಎನ್ನುವ ಮಾತು ಎರಡನೇ ಅಧ್ಯಾಯದಲ್ಲಿ ಬರುತ್ತದೆ. ಅವತ್ತೂ ಪ್ರಾರ್ಥನೆ ಮಾಡಿ ಎದ್ದುಬಿಡುತ್ತಿದ್ದೆವೋ ಏನೋ. ಕೂಟದ ನರ್ಸ್ ಅಕ್ಕ ಬಿಡಲಿಲ್ಲ. "ಸ್ಟ್ರೋಕ್ ಆದವರು ಡಿಸ್ಚಾರ್ಜ್ ಆಗಿ ಮನೆಗೆ ಹೋಗ್ತಾರೆ. ಮನೆಯಲ್ಲಿ ಚಾಪೆ ಮಾತ್ರ ಉಂಟು. ಅವರಿಗೆ ಎಂತ ಮಾಡುವ?" ಅಂತ ಕೇಳಿದರು. ಮರುವಾರ ದುಡ್ಡು ಸೇರಿಸಿ ಒಂದು ಏರ್‌ಬೆಡ್ ತಂದೆವು.

ಆಮೇಲೆ ಅವರು ನಮಗೆ ಪಾಠ ಮಾಡಿದರು. ಹೊರಳಲಾಗದೆ ಮಲಗಿದವರಿಗೆ ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿಯ ಮೇಲೆಯೇ ಭಾರ ಬೀಳುತ್ತದೆ. ಅಲ್ಲಿ ರಕ್ತ ಓಡುವುದಿಲ್ಲ, ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಏರ್‌ಬೆಡ್‌ನ ಪಂಪು ಒಮ್ಮೆ ಈ ಸಾಲಿಗೆ, ಒಮ್ಮೆ ಆ ಸಾಲಿಗೆ ಗಾಳಿ ತುಂಬಿ ಒತ್ತಡ ಒಂದೇ ಕಡೆ ನಿಲ್ಲದಂತೆ ಮಾಡುತ್ತದೆ. ಆದರೆ ಬೆಡ್ ಉಂಟಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ರಾತ್ರಿಯೂ. ಹಾಗೆ ಅಲಾರಂ ಇಟ್ಟು ಏಳುವ ಸೊಸೆಯಂದಿರನ್ನು, ಗಂಡಂದಿರನ್ನು ನಾವು ನೋಡಿದ್ದೇವೆ. ಅವರ ಮುಂದೆ ನಮ್ಮ ಸೇವೆಯ ಮಾತು ಎತ್ತುವುದಕ್ಕೂ ನಾಚಿಕೆ.

ಏರ್‌ಬೆಡ್‌ನ ದೊಡ್ಡ ಶತ್ರು ಸೇಫ್ಟಿ ಪಿನ್. ಬೆಡ್‌ಶೀಟ್ ಜಾರದಿರಲಿ ಅಂತ ಯಾರಾದರೂ ಚುಚ್ಚಿದರೆ ಮುಗಿಯಿತು. ಅಂಥವನ್ನೆಲ್ಲ ಬದುಕಿಸಿದ್ದು ನಮ್ಮ ರಸ್ತೆಯ ಪಂಕ್ಚರ್ ಅಂಗಡಿಯ ಅಣ್ಣ. ಸೋಪಿನ ನೀರು ಸವರಿ, ಗುಳ್ಳೆ ಏಳುವ ಜಾಗ ಹುಡುಕಿ, ಒರೆಸಿ ಪ್ಯಾಚ್ ಹಾಕುತ್ತಾರೆ. "ಗಮ್ಮಿನ ದುಡ್ಡು ಮಾತ್ರ ಕೊಡಿ" ಅನ್ನುತ್ತಾರೆ. ಗೂಡ್ಸ್ ಟೆಂಪೋದ ಕಾಕ ಅದನ್ನೂ ತಗೊಳ್ಳುವುದಿಲ್ಲ, ಡೀಸೆಲ್ ಹಾಕಿಸಿಕೊಡಿ ಅಂದರೆ ಬೈಗುಳ ಬೇರೆ. ಇಬ್ಬರಿಗೂ ಎಷ್ಟು ಹೇಳಿದರೂ ಕಡಿಮೆಯೇ.

ಬೇರೆ ಧರ್ಮದವರ ಮನೆಗೆ ಹೋದಾಗ ಪ್ರಾರ್ಥನೆ ಮಾಡಬೇಕಾ ಬೇಡವಾ ಅಂತ ಕೂಟದಲ್ಲಿ ಜೋರು ಚರ್ಚೆಯಾಗಿತ್ತು. ಮನೆಯಲ್ಲೊಬ್ಬರು ಹಾಸಿಗೆ ಹಿಡಿದಿರುವಾಗ ಬೆಡ್ ತಂದುಕೊಟ್ಟವರಿಗೆ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಅಲ್ವಾ? ಹಾಗಾಗಿ ಅವರಾಗಿ ಕೇಳಿದರೆ ಮಾತ್ರ ಪ್ರಾರ್ಥನೆ, ಫೋಟೋ ಯಾವತ್ತೂ ಇಲ್ಲ ಅಂತ ಆಯಿತು. ಆಗ ಸಿಟ್ಟು ಮಾಡಿಕೊಂಡವರೂ ಕೂಟ ಬಿಡಲಿಲ್ಲ. ಅವರಿಗೂ ಥ್ಯಾಂಕ್ಸ್, ನಿಜವಾಗಿ.

ಹೊಸ ರೂಮಿನದು ಹಳೆಯ ಹಂಚಿನ ಮಾಡು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕ್ರೈಸ್ತರಾದ ಮೇಲೆ ಮನೆಯವರಿಂದ, ಕಸುಬಿನಿಂದ ದೂರವಾದವರಿಗೆ ಪ್ರಾರ್ಥನೆಯ ಜೊತೆ ದುಡಿಮೆಯೂ ಬೇಕಿತ್ತು. ಕಾರ್ಖಾನೆಯಲ್ಲಿ ವ್ಯಾಪಾರವೂ ಇತ್ತು, ಎಲ್ಲವನ್ನೂ ಸೇವೆ ಅಂತ ಹೊಗಳಲು ನಾನಿಲ್ಲ. ಆದರೂ ನಮ್ಮ ಕೂಟದ ಹಿರಿಯ ಅಂಕಲ್ ಒಬ್ಬರು ಆ ಹಂಚುಗಳನ್ನು ನೋಡಿ, "ನಮ್ಮ ಅಜ್ಜ ಕೂಡ ಮಣ್ಣು ಕಲಸಿದವರು" ಅಂತ ಹೇಳಿ ತಾವೇ ಪೊರಕೆ ಹಿಡಿದರು. ರೂಮು ಕೊಟ್ಟವರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ರೂಮು ತೆರೆದಿರುತ್ತದೆ. ಯಾರು ಬೇಕಾದರೂ ಬರಬಹುದು, ಬಾಡಿಗೆ ಇಲ್ಲ. ಕಳೆದ ದೀಪಾವಳಿ ಹೊತ್ತಿಗೆ ಎತ್ತರ ಹೊಂದಿಸುವ ವಾಕರ್ ಒಯ್ದವರು ದಯವಿಟ್ಟು ತಂದುಕೊಡಿ. ಸೊಂಟದ ಆಪರೇಷನ್ ಆದ ಅಜ್ಜಿಯೊಬ್ಬರು ಕಾಯುತ್ತಿದ್ದಾರೆ. ರಬ್ಬರ್ ಬುಷ್ ಸವೆದಿದ್ದರೂ ಪರವಾಗಿಲ್ಲ, ನಾವೇ ಹೊಸದು ಹಾಕಿಸಿಕೊಳ್ಳುತ್ತೇವೆ.